ಹದಿನೆಂಟು ಅಂಕಣದ ಕಲ್ಲುಮನೆ: ಚಿತ್ರದುರ್ಗ ಸೀಮೆಯ ಒಂದು ವಾಸ್ತವ್ಯದ ವಿಮರ್ಶೆ

ಚಿತ್ರದುರ್ಗದಿಂದ ಚಳ್ಳಕೆರೆಯ ದಿಕ್ಕಿಗೆ ಹೊರಟು, ಹೆದ್ದಾರಿಯನ್ನು ಬಿಟ್ಟು, ಉತ್ತು ಬಿಟ್ಟ ಶೇಂಗಾ ಹೊಲಗಳ ನಡುವಿನ ದಾರಿಯಲ್ಲಿ ಸ್ವಲ್ಪ ದೂರ ಸಾಗಿದರೆ ಕಾಣಸಿಗುವ ಈ ಕಲ್ಲಿನ ಕಮತದ ಮನೆಯಲ್ಲಿ ನಾನು ಮತ್ತು ನನ್ನ ತಾಯಿ ಏಪ್ರಿಲ್ ತಿಂಗಳ ಕೊನೆಯ ವಾರ ಎರಡು ರಾತ್ರಿ ಉಳಿದಿದ್ದೆವು. ಐದು ತಲೆಮಾರು ಒಕ್ಕಲುತನ ನಡೆಸಿದ ಮನೆತನವೊಂದು ತನ್ನ ಹಳೆಯ ಮನೆಯನ್ನು ಕೆಡವದೆ, ದುರಸ್ತಿ ಮಾಡಿಸಿ, ಅದರ ಮೂರು ಕೋಣೆಗಳನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಿದೆ. ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷ ಕಟ್ಟಡಗಳ ಅಂದಾಜುಪಟ್ಟಿ ಬರೆದು, ಕೆಲಸದ ಮೇಲೆ ನಿಂತು ಜೀವನ ಮಾಡಿದವನು; ನನ್ನ ತಾಯಿ ಜಗಳೂರು ತಾಲ್ಲೂಕಿನ ಇಂಥದೇ ಒಂದು ಮಾಳಿಗೆ ಮನೆಯಲ್ಲಿ, ಅಂದರೆ ಮಣ್ಣು ಹೊದಿಸಿದ ಮಟ್ಟಸ ಸೂರಿನ ಮನೆಯಲ್ಲಿ, ಹುಟ್ಟಿ ಬೆಳೆದವರು. ಹೀಗಾಗಿ ಹಾಸಿಗೆ ಮೆತ್ತಗಿತ್ತೇ, ಕಾಫಿ ಬಿಸಿಯಾಗಿತ್ತೇ ಎಂಬ ಪ್ರಶ್ನೆಗಳಿಗೆ ಈ ಬರಹದ ಕೊನೆಯಲ್ಲಷ್ಟೇ ಉತ್ತರ ಕೊಡುತ್ತೇನೆ. ಪಾರಂಪರಿಕ ಮನೆ ಎಂದು ಕರೆದುಕೊಳ್ಳುವ ಯಾವುದೇ ವಾಸ್ತವ್ಯವನ್ನು ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಈ ಮನೆಯ ಗೋಡೆ, ಮಾಳಿಗೆ, ಸೂರಿನ ಬೆಳಕಿಂಡಿಗಳಾದ ಗವಾಕ್ಷಿಗಳು ತಾವು ಕಟ್ಟಲ್ಪಟ್ಟ ಕೆಲಸವನ್ನು ಇಂದಿಗೂ ಮಾಡುತ್ತಿವೆಯೇ?

ಬಹುಮಟ್ಟಿಗೆ ಮಾಡುತ್ತಿವೆ. ಎರಡು ಕಡೆ ಅವುಗಳ ಕೆಲಸವನ್ನು ತಡೆಯಲಾಗಿದೆ. ಆ ಎರಡನ್ನೂ ಮುಂದೆ ವಿವರವಾಗಿ ಹೇಳುತ್ತೇನೆ.

ಮನೆಯ ಮುಂದೆ ಬೀದಿಯಿಂದ ಮೂರಡಿ ಎತ್ತರದ ಕಲ್ಲಿನ ಕಟ್ಟೆಯಿದೆ. ಅದರ ಚಪ್ಪಡಿಗಳು ಎಷ್ಟೋ ವರ್ಷ ಜನ ಕುಳಿತು ಎದ್ದುದರಿಂದ ಅಂಚಿನಲ್ಲಿ ನುಣುಪಾಗಿ ಸವೆದಿವೆ. ತಲೆಬಾಗಿಲಿನ ಎತ್ತರ ಐದೂಕಾಲು ಅಡಿ ಮಾತ್ರ. ಬಾಗದೆ ಒಳಗೆ ಹೋಗಲು ಸಾಧ್ಯವಿಲ್ಲ. ಬಾಗಿಲವಾಡದ ಹಿಂದೆ, ಗೋಡೆಯ ದಪ್ಪದೊಳಗೆ ಒಂದು ಉದ್ದನೆಯ ಬಿಲ ಬಿಟ್ಟು ಅದರಲ್ಲಿ ಲಾಳಮುಂಡಿಗೆಯನ್ನು ಇರಿಸಲಾಗಿದೆ. ರಾತ್ರಿ ಈ ಮರದ ತೊಲೆಯನ್ನು ಎಳೆದು ಎದುರು ಗೋಡೆಯ ಗುಳಿಗೆ ಸೇರಿಸಿದರೆ ಹೊರಗಿನಿಂದ ಯಾರೂ ಬಾಗಿಲನ್ನು ತಳ್ಳಲಾರರು, ಬೆಳಗ್ಗೆ ಹಿಂದಕ್ಕೆ ತಳ್ಳಿದರೆ ಅದು ಗೋಡೆಯೊಳಗೆ ಮಾಯವಾಗುತ್ತದೆ. ಅದನ್ನು ಇಂದಿಗೂ ಪ್ರತಿ ರಾತ್ರಿ ಹಾಕುತ್ತಾರೆ. ಕಬ್ಬಿಣದ ಚಿಲಕ ಹೊಡೆದು ಲಾಳಮುಂಡಿಗೆಯನ್ನು ಪ್ರದರ್ಶನಕ್ಕಿಟ್ಟಿಲ್ಲ ಎಂಬುದನ್ನು ಕಂಡ ಮೊದಲ ರಾತ್ರಿಯೇ ಈ ಮನೆಯವರ ಮೇಲೆ ನನಗೆ ಗೌರವ ಮೂಡಿತು.

ಬಾಗಿಲು ದಾಟಿದೊಡನೆ ಸಿಗುವುದು ದನ ಕಟ್ಟುವ ಅಂಕಣ. ನಮ್ಮ ಬಯಲು ಸೀಮೆಯ ಹಳೆಯ ಒಕ್ಕಲು ಮನೆಗಳಲ್ಲಿ ದನಗಳಿಗೂ ಮನುಷ್ಯರಿಗೂ ಒಂದೇ ತಲೆಬಾಗಿಲು; ದನಗಳ ನೆಲ ಒಂದೂವರೆ ಅಡಿ ಕೆಳಗೆ, ಮನುಷ್ಯರ ಪಡಸಾಲೆ ಮೇಲೆ. ಈ ಎತ್ತರದ ವ್ಯತ್ಯಾಸದಿಂದಾಗಿ ಗಂಜಲ ಪಡಸಾಲೆಗೆ ಬರದೆ ಕಲ್ಲಿನ ಕಾಲುವೆಯಲ್ಲಿ ಹೊರಗೆ ಹರಿದುಹೋಗುತ್ತದೆ, ಪಡಸಾಲೆಯಲ್ಲಿ ಮಲಗಿದವರಿಗೆ ರಾತ್ರಿಯೆಲ್ಲ ದನಗಳು ಕಣ್ಣಳತೆಯಲ್ಲಿರುತ್ತವೆ. ಗೋದಲಿಯ ಅಂಚು ಸರಿಯಾಗಿ ಪಡಸಾಲೆಯ ನೆಲದ ಮಟ್ಟಕ್ಕೇ ಇರುವುದರಿಂದ, ಮೇಲೆ ನಿಂತವರು ಬಗ್ಗದೆ ಮೇವು ಹಾಕಬಹುದು. ನನ್ನ ತಾಯಿ ಗೋದಲಿಯ ಅಂಚನ್ನು ಕೈಯಲ್ಲಿ ಸವರಿ, ಮನೆಯ ಯಜಮಾನರಿಗೆ, "ಗೌಡ್ರೆ, ನಮ್ಮಪ್ಪನ ಮನೇಲಿ ಇದೇ ಜಾಗದಾಗೆ ಕೂತ್ಕಂಡು ನಾನು ಅಕ್ಷರ ಕಲ್ತಿದ್ದು" ಎಂದರು. ಈಗ ಅಲ್ಲಿ ದನಗಳಿಲ್ಲ, ಹಿತ್ತಲಿನ ಕೊಟ್ಟಿಗೆಯಲ್ಲಿವೆ. ಆದರೆ ತಗ್ಗಿನ ನೆಲವನ್ನು ತುಂಬಿಸಿ ಸಮ ಮಾಡುವ ಆಸೆಗೆ ಮನೆಯವರು ಬಲಿಯಾಗಿಲ್ಲ. ಗೋದಲಿಯನ್ನು ಹಾಗೆಯೇ ಉಳಿಸಿ, ಕೆಳಗಿನ ಅಂಕಣವನ್ನು ಅತಿಥಿಗಳ ಊಟದ ಜಾಗ ಮಾಡಿದ್ದಾರೆ. ಪಡಸಾಲೆಗೆ ಹತ್ತುವ ಕಲ್ಲಿನ ಮೆಟ್ಟಿಲಿಗೆ ವಯಸ್ಸಾದವರ ಸಲುವಾಗಿ ಮರದ ಹಿಡಿಗೋಲು ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು.

ಹಳೆಯ ಮನೆಗಳ ಅಳತೆಯನ್ನು ನಮ್ಮವರು ಅಡಿ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ, ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ತೊಲೆಯಾಗಬಲ್ಲ ಮರ ಎಷ್ಟು ಉದ್ದ ಸಿಗುತ್ತದೆಯೋ ಅಂಕಣವೂ ಅಷ್ಟೇ ಅಗಲ. ಇಲ್ಲಿ ಒಂದು ಅಂಕಣ ಸುಮಾರು ಎಂಟು ಅಡಿ ಅಗಲ, ಹತ್ತು ಅಡಿ ಉದ್ದವಿದೆ. ಹದಿನೆಂಟು ಅಂಕಣವೆಂದರೆ ಹದಿನಾಲ್ಕು ಚದರಕ್ಕೆ (ಒಂದು ಚದರವೆಂದರೆ ನೂರು ಚದರಡಿ) ಸ್ವಲ್ಪ ಹೆಚ್ಚು. ದನದ ಅಂಕಣ, ಪಡಸಾಲೆ, ನಡುಮನೆ, ಅದರ ಆಚೆಗೆ ಅಡುಗೆಮನೆ ಮತ್ತು ದೇವರ ಮನೆ, ಪಕ್ಕಕ್ಕೆ ಕೋಣೆಗಳು ಎಂಬ ಕ್ರಮದಲ್ಲಿ ಒಳಗೆ ಹೋದಷ್ಟೂ ಬೆಳಕು ಕಡಿಮೆಯಾಗುತ್ತದೆ, ತಂಪು ಹೆಚ್ಚಾಗುತ್ತದೆ.

ಗೋಡೆಯ ಕುರಿತು ವಿಸ್ತಾರವಾಗಿ ಬರೆಯಲೇಬೇಕು. ಎರಡೂವರೆ ಅಡಿ ದಪ್ಪದ ಈ ಗೋಡೆಯೊಳಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಕಲ್ಲಿನ ಸಾಲುಗಳಿವೆ. ಎರಡರ ಮುಖವನ್ನೂ ಉಳಿಯಿಂದ ಹದ ಮಾಡಲಾಗಿದೆ, ಬೆನ್ನನ್ನು ಒರಟಾಗಿಯೇ ಬಿಡಲಾಗಿದೆ, ನಡುವಿನ ಸಂದನ್ನು ಚಕ್ಕೆಕಲ್ಲು ಮತ್ತು ಕಲಸಿದ ಕೆಮ್ಮಣ್ಣಿನಿಂದ ತುಂಬಲಾಗಿದೆ. ಹೀಗೆ ಕಟ್ಟಿದ ಗೋಡೆಗೆ ಇರುವ ದೊಡ್ಡ ಅಪಾಯವೆಂದರೆ ಕಾಲಕ್ರಮೇಣ ಎರಡು ಸಾಲುಗಳೂ ಒಂದರಿಂದೊಂದು ಬೇರೆಯಾಗಿ ಹೊಟ್ಟೆ ಬಿಡುವುದು. ಅದನ್ನು ತಡೆಯಲು ನಾಲ್ಕೈದು ಅಡಿಗೊಂದರಂತೆ, ಗೋಡೆಯ ಒಳಮುಖದಿಂದ ಹೊರಮುಖದವರೆಗೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಡ್ಡಲಾಗಿ ಕೂರಿಸಿದ್ದಾರೆ. ಉತ್ತರದ ಕೋಣೆಯಲ್ಲಿ ಈ ಕಲ್ಲುಗಳ ತುದಿ ಒಳಗೆ ಒಂದು ಗೇಣು ಚಾಚಿಕೊಂಡಿದ್ದು, ಮನೆಯವರು ಅವುಗಳನ್ನೇ ಬುಟ್ಟಿ, ಕಂಬಳಿ ನೇತುಹಾಕುವ ಗೂಟವಾಗಿ ಬಳಸಿಕೊಂಡಿದ್ದಾರೆ. ಮೂಲೆಗಳಲ್ಲಿ ಉದ್ದ ಕಲ್ಲುಗಳನ್ನು ಒಂದು ವರಸೆಗೆ ಈ ಗೋಡೆಯ ಕಡೆಗೆ, ಮರುವರಸೆಗೆ ಆ ಗೋಡೆಯ ಕಡೆಗೆ ಚಾಚಿ ಹೆಣೆದಿರುವುದರಿಂದ ಇಡೀ ಮನೆಯಲ್ಲಿ ಒಂದು ಮೂಲೆಯೂ ಬಿರಿದಿಲ್ಲ. ನಾನು ತೂಕದ ಗುಂಡು ಇಳಿಬಿಟ್ಟು ನೋಡಿದೆ. ಪಶ್ಚಿಮದ ಗೋಡೆ ಮಾತ್ರ ಒಂದಿಷ್ಟು ಹೊರಕ್ಕೆ ವಾಲಿದೆ, ಉಳಿದವು ಇಂದಿನ ಹೊಸ ಮನೆಗಳ ಗೋಡೆಗಳಿಗೂ ಸರಿಸಮನಾಗಿ ನೆಟ್ಟಗಿವೆ.

ಇಂಥ ಕಲ್ಲುಕೆಲಸವನ್ನು ಅರ್ಥಮಾಡಿಕೊಳ್ಳಲು ಬಯಸುವವರು ಮನೆಗೆ ಬರುವ ಮುನ್ನ ಅರ್ಧ ದಿನ ಚಿತ್ರದುರ್ಗದ ಕೋಟೆಯಲ್ಲಿ ಕಳೆಯಬೇಕೆಂದು ನನ್ನ ಸಲಹೆ. ಏಳು ಸುತ್ತಿನ ಆ ಕೋಟೆಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆಗಳಿವೆ; ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಅವುಗಳಲ್ಲಿ ಬೆಣೆ ಬಡಿದು ಕಲ್ಲನ್ನು ಸೀಳಿದ ಗುರುತುಗಳು ಅಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ಅದೇ ಗುಳಿಗಳ ಅರ್ಧಭಾಗಗಳನ್ನು ಈ ಕಮತದ ಮನೆಯ ಕಟ್ಟೆಯ ಚಪ್ಪಡಿಗಳ ಅಂಚಿನಲ್ಲೂ ಎಣಿಸಬಹುದು. ಮದಕರಿ ನಾಯಕನ ಕೋಟೆ 1779ರಲ್ಲಿ ಹೈದರಾಲಿಯ ವಶವಾದರೂ ಬಂಡೆ ಸೀಳುವ ಕೈಗಳು ಇದೇ ನಾಡಿನಲ್ಲಿ ಉಳಿದವು, ಒಕ್ಕಲುಗಳ ಮನೆ ಕಟ್ಟಿದವು. ಕೋಟೆಯೊಳಗೆ ಟಂಕಸಾಲೆ, ಅರಮನೆಗಳ ಎತ್ತರದ ಮಣ್ಣಿನ ಗೋಡೆಗಳು ಮೇಲ್ಛಾವಣಿ ಇಲ್ಲದೆಯೂ ಇಂದಿಗೂ ನಿಂತಿರುವುದನ್ನು ನೋಡಿದವರಿಗೆ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಇಷ್ಟು ಕಾಲ ಬಾಳಿದ್ದು ಆಶ್ಚರ್ಯವೆನಿಸುವುದಿಲ್ಲ.

ಮನೆಯಲ್ಲಿ ಎರಡು ಬಗೆಯ ಕಲ್ಲುಗಳಿವೆ. ಗೋಡೆಗೆ ಬಳಸಿರುವುದು ತಿಳಿ ಬೂದುಬಣ್ಣದ ಕಣಶಿಲೆ (ಗ್ರಾನೈಟ್). ನೆಲಗಟ್ಟಿನ ಕೆಳವರಸೆಗಳಲ್ಲೂ ಹಿತ್ತಲಿನ ಬಚ್ಚಲಿನಲ್ಲೂ ಇರುವುದು ಹಸಿರು ಛಾಯೆಯ ಕಪ್ಪು ಕಲ್ಲು. ಚಿತ್ರದುರ್ಗದ ಸುತ್ತಲಿನ ಈ ಕಪ್ಪು ಶಿಲೆಗಳ ಪಟ್ಟಿ ಭೂವಿಜ್ಞಾನಿಗಳಿಗೆ ಬಹಳ ಹಿಂದಿನಿಂದ ಪರಿಚಿತ. ಇದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಲಾವಾ ಹರಿದು ತಲೆದಿಂಬಿನ ಆಕಾರದಲ್ಲಿ ಹೆಪ್ಪುಗಟ್ಟಿದ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ. ಮನೆಯನ್ನು ಕಟ್ಟಿದವರಿಗೆ ಈ ಶಾಸ್ತ್ರವೆಲ್ಲ ಬೇಕಿರಲಿಲ್ಲ. ಯಾವ ಕಲ್ಲು ಹಾಳೆಹಾಳೆಯಾಗಿ ಸೀಳುತ್ತದೆ, ಯಾವುದು ಚೌಕಕ್ಕೆ ಒಡೆಯುತ್ತದೆ ಎಂಬುದು ಅವರ ಸುತ್ತಿಗೆಗೆ ಗೊತ್ತಿತ್ತು.

ಇನ್ನು ಮಾಳಿಗೆ. ಈ ಮನೆಯ ನಿಜವಾದ ಸಂಪತ್ತು ಇದೇ, ಇದನ್ನು ಉಳಿಸಿಕೊಂಡಿದ್ದಕ್ಕಾಗಿಯೇ ಮನೆಯವರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮಲೆನಾಡಿನ ಮನೆಗಳು ಇಳಿಜಾರು ಸೂರಿನವು. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಕಡೆ ಸೂರು ಮಟ್ಟಸವಾಗಿದ್ದು, ಅದು ಕಾಳು ಒಣಗಿಸುವ ಕಣವೂ ಬೇಸಿಗೆಯ ಮಲಗುವ ಮನೆಯೂ ಆಗಿರುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡಲಾಗಿ ಜಂತೆ, ಜಂತೆಗಳ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆಯ ದಬ್ಬೆ, ಅದರ ಮೇಲೆ ಸೊಪ್ಪಿನ ಹಾಸು, ಆಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು: ಇದು ಮಾಳಿಗೆಯ ಕಟ್ಟೋಣ. ಸೊಪ್ಪಿಗೆ ಲಕ್ಕಿ ಅಥವಾ ಬೇವನ್ನು ಬಳಸುವುದು ಹುಳು ಹತ್ತದಿರಲೆಂದು. ಮನೆಯೊಡತಿ ದುರಸ್ತಿಯ ವೇಳೆ ತೆಗೆದಿಟ್ಟ ಹಳೆಯ ಸೊಪ್ಪಿನ ಹಾಸಿನ ತುಂಡೊಂದನ್ನು ನಮಗೆ ತೋರಿಸಿದರು. ಎಲೆ ಪುಡಿಯಾಗಿತ್ತು, ಕಡ್ಡಿಗಳು ಗಟ್ಟಿಯಾಗಿಯೇ ಇದ್ದವು.

ಹೊಲದಲ್ಲಿ ಚೌಳು ಬಂದರೆ ರೈತ ಕೈ ಹೊತ್ತು ಕೂರುತ್ತಾನೆ, ಅದೇ ಮಣ್ಣು ಮಾಳಿಗೆಯ ಮೇಲೆ ಹೋದರೆ ಮನೆ ಕಾಯುತ್ತದೆ. ಅದರಲ್ಲಿರುವ ಸೋಡಿಯಂ ಲವಣದ ಗುಣದಿಂದ, ಮೊದಲ ಮಳೆ ಬಿದ್ದೊಡನೆ ಜೇಡಿಯ ಅತಿಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಕರಗಿ ಕೆಳಗಿನ ಸಂದುಗಳಿಗೆ ಇಳಿದು ಅವುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಇಂಗಲು ದಾರಿ ಸಿಗದೆ ಮಾಳಿಗೆಯ ಅಲ್ಪ ಇಳಿಜಾರಿನಗುಂಟ ಹರಿದು ಕುಂಬಿಯ ಬುಡದ ಕಲ್ಲಿನ ದೋಣಿಯಿಂದ ಹೊರಕ್ಕೆ ಬೀಳುತ್ತದೆ. ಗಿಡ ಬೆಳೆಯದ ಮಣ್ಣಾದ್ದರಿಂದ ಮಾಳಿಗೆಯ ಮೇಲೆ ಹುಲ್ಲು ಬೇರೂರಿ ಬಿರುಕು ಬಿಡಿಸುವ ಭಯವೂ ಕಡಿಮೆ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಇದನ್ನು ಹೊಸದಾಗಿ ಹರಡಿ ದಿಮ್ಮಸು ಬಡಿಯಬೇಕು.

ಹಳೆಯ ಮಾಳಿಗೆಗಳು ಕುಸಿದುಬೀಳುವುದು ಸಾಮಾನ್ಯವಾಗಿ ಇಲ್ಲಿಯೇ ನಡೆಯುವ ಒಂದು ತಪ್ಪಿನಿಂದ. ಹಳೆಯ ಪದರವನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನು ಹಾಕುತ್ತಾ ಹೋದರೆ ಭಾರ ಏರುತ್ತಲೇ ಹೋಗುತ್ತದೆ. ಒಂದು ಚದರದ ಮೇಲೆ ಒಂದು ಅಂಗುಲ ಮಣ್ಣೆಂದರೆ ಸುಮಾರು 375 ಕಿಲೋ ಆಗುತ್ತದೆ. ಈ ಮನೆಯಷ್ಟು ಅಗಲದ ಮಾಳಿಗೆಗೆ ಒಂದಂಗುಲ ಹೆಚ್ಚಾದರೆ ಐದು ಟನ್ನಿಗೂ ಮೀರಿದ ಹೊರೆಯನ್ನು ಅದೇ ತೊಲೆಗಳು ಹೊರಬೇಕು. ಜಗಳೂರಿನ ನನ್ನ ಅಜ್ಜನ ಮನೆಯ ನಡುಮನೆ ಒಂದು ಆಶ್ವೀಜದ ಜಡಿಮಳೆಯಲ್ಲಿ ಕುಸಿದದ್ದು ಹೀಗೆಯೇ. ಆಗ ನಾನು ಡಿಪ್ಲೊಮಾ ಓದುತ್ತಿದ್ದೆ, ಲೆಕ್ಕ ಹಾಕಲು ಬರುತ್ತಿತ್ತು, ಆದರೂ ಹಾಕಿರಲಿಲ್ಲ ಎಂಬ ನೋವು ಇಂದಿಗೂ ಇದೆ. ಇಲ್ಲಿನ ಮನೆಯವರು ದುರಸ್ತಿಯ ವೇಳೆ ಎರಡಡಿ ದಪ್ಪವಾಗಿ ಬೆಳೆದಿದ್ದ ಮಣ್ಣನ್ನು ಪೂರ್ತಿ ಇಳಿಸಿ, ಮುಕ್ಕಾದ ನಾಲ್ಕು ತೊಲೆಗಳನ್ನು ಬದಲಿಸಿ, ಒಂದಡಿಗೆ ಮಿತಿಗೊಳಿಸಿ ಮರಳಿ ಹಾಕಿಸಿದ್ದಾರೆ. ಹಳೆಯ ಮಣ್ಣನ್ನೇ ಜರಡಿ ಹಿಡಿದು ಬಳಸಿದ್ದಾರೆ. ಹೊಸ ತೊಲೆಗಳಿಗೆ ಕಪ್ಪು ಬಣ್ಣ ಬಳಿದು ಹಳೆಯದರಂತೆ ತೋರಿಸದೆ, ಮರದ ಬಣ್ಣದಲ್ಲೇ ಬಿಟ್ಟಿರುವುದು ಅತ್ಯಂತ ಪ್ರಾಮಾಣಿಕವಾದ ಕೆಲಸ. ಯಾವುದು ಮೂಲದ್ದು, ಯಾವುದು ಸೇರಿಸಿದ್ದು ಎಂದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಮಾಳಿಗೆ ಮತ್ತು ಗೋಡೆಗಳ ಕೆಲಸವನ್ನು ಅಳೆಯಲೆಂದು ಒಂದು ತಾಪಮಾಪಕವನ್ನು ಜೊತೆಗೆ ಒಯ್ದಿದ್ದೆ. ಮಧ್ಯಾಹ್ನ ಎರಡೂವರೆಗೆ ಕಟ್ಟೆಯ ನೆರಳಿನಲ್ಲಿ 38 ಡಿಗ್ರಿ, ನಡುಮನೆಯಲ್ಲಿ 30 ಡಿಗ್ರಿ ಇತ್ತು, ಫ್ಯಾನು ಹಾಕಿರಲಿಲ್ಲ. ರಾತ್ರಿ ಹತ್ತಕ್ಕೆ ಹೊರಗೆ 28, ಒಳಗೆ 31. ಹಗಲಿಡೀ ಬಿಸಿಲು ಕುಡಿದ ಕಲ್ಲು ಆ ಶಾಖವನ್ನು ನಿಧಾನವಾಗಿ ಒಳಕ್ಕೆ ಬಿಡುವುದು ರಾತ್ರಿಯೇ ಆದ್ದರಿಂದ ಬೇಸಿಗೆಯಲ್ಲಿ ಮನೆಯವರೆಲ್ಲ ಮಾಳಿಗೆಯ ಮೇಲೆ ಮಲಗುವ ರೂಢಿ ಬಂದಿದೆ. ಮನೆಯೂ ಮಾಳಿಗೆಯೂ ಹಗಲು ರಾತ್ರಿಗಳನ್ನು ಹಂಚಿಕೊಂಡಿರುವ ಈ ಏರ್ಪಾಟನ್ನು ಅರಿಯದ ಅತಿಥಿಗಳು, ರಾತ್ರಿ ಕೋಣೆಯಲ್ಲಿ ಸೆಕೆಯೆಂದು ದೂರುವುದನ್ನು ನಾನು ಇತರರ ಅನಿಸಿಕೆಗಳಲ್ಲಿ ಓದಿದ್ದೇನೆ. ಅವರು ಚಾಪೆ ಕೇಳಿ ಮೇಲೆ ಹೋಗಬೇಕಿತ್ತು. ನಾವು ಎರಡು ರಾತ್ರಿಯೂ ಮೇಲೆಯೇ ಮಲಗಿದೆವು. ಬೆಳಗಿನ ಜಾವ ಐದಕ್ಕೆ 24 ಡಿಗ್ರಿಗೆ ಇಳಿದು ಕಂಬಳಿ ಬೇಕಾಯಿತು.

ಈಗ ಮೊದಲನೆಯ ದೋಷಕ್ಕೆ ಬರುತ್ತೇನೆ. ಕಿಟಕಿಗಳೇ ಇಲ್ಲದ ಇಂಥ ಮನೆಗಳಿಗೆ ಬೆಳಕನ್ನು ಕೊಡುವುದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿ. ಅದರ ಕೆಲಸ ಬೆಳಕಿಗಷ್ಟೇ ಮುಗಿಯುವುದಿಲ್ಲ: ಮೇಲೇರಿದ ಬಿಸಿಗಾಳಿಯೂ ಒಲೆಯ ಹೊಗೆಯೂ ಅದರ ಮೂಲಕವೇ ಹೊರಹೋಗುತ್ತವೆ, ಅವು ಹೋದ ಜಾಗಕ್ಕೆ ತಲೆಬಾಗಿಲಿನಿಂದ ತಂಪುಗಾಳಿ ಬರುತ್ತದೆ. ಮಳೆ ಬಂದರೆ ಚಪ್ಪಡಿಯನ್ನು ಮೇಲೆ ಸರಿಸಿ ಮುಚ್ಚುವುದು ರೂಢಿ. ನಡುಮನೆ ಮತ್ತು ಅಡುಗೆಮನೆಯ ಗವಾಕ್ಷಿಗಳನ್ನು ಹಾಗೆಯೇ ಉಳಿಸಿದ್ದಾರೆ. ಹತ್ತು ಗಂಟೆಯ ಹೊತ್ತಿಗೆ ನಡುಮನೆಯ ನೆಲದ ಮೇಲೆ ಬೀಳುವ ಬಿಸಿಲಿನ ಬಿಲ್ಲೆ ಮೆಲ್ಲಗೆ ಬೀಸುಕಲ್ಲಿನ ಕಡೆಗೆ ಸರಿಯುವುದನ್ನು ನೋಡುತ್ತಾ ನನ್ನ ತಾಯಿ ಗಡಿಯಾರ ನೋಡದೆ ಹೊತ್ತನ್ನು ಹೇಳುತ್ತಿದ್ದರು, ಹೆಚ್ಚೆಂದರೆ ಕಾಲು ಗಂಟೆಯಷ್ಟು ತಪ್ಪುತ್ತಿತ್ತು. ಆದರೆ ಮುಂಭಾಗದ ದೊಡ್ಡ ಅತಿಥಿ ಕೋಣೆಯ ಗವಾಕ್ಷಿಗೆ ದಪ್ಪ ಗಾಜನ್ನು ಕೂರಿಸಿ ಸುತ್ತಲೂ ಅಂಟು ಹಾಕಿ ಶಾಶ್ವತವಾಗಿ ಮುಚ್ಚಿಬಿಟ್ಟಿದ್ದಾರೆ. ಬಿಸಿಲು ಒಳಗೆ ಬರುತ್ತದೆ, ಬಿಸಿಗಾಳಿ ಹೊರಗೆ ಹೋಗುವುದಿಲ್ಲ. ನಡುಮನೆಯಲ್ಲಿ 30 ಡಿಗ್ರಿ ಇದ್ದ ಅದೇ ಹೊತ್ತಿನಲ್ಲಿ ಆ ಕೋಣೆಯಲ್ಲಿ 34 ಇತ್ತು. ಆ ಕಾರಣಕ್ಕೆ ಅಲ್ಲಿ ಹವಾನಿಯಂತ್ರಕ ಬಂದಿದೆ, ಅದರ ಕೊಳವೆಗಾಗಿ ಗೋಡೆಗೆ ರಂಧ್ರ ಕೊರೆದಿದ್ದಾರೆ. ಗಾಜನ್ನು ಮಾಳಿಗೆಯ ಮಟ್ಟದಿಂದ ಒಂದು ಗೇಣು ಎತ್ತರಿಸಿ, ಸುತ್ತ ಗಾಳಿಯಾಡಲು ಬಿಟ್ಟು ಸೊಳ್ಳೆಯ ಜಾಲರಿ ಹೊಡೆದರೆ ಮಳೆಯೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಇದನ್ನು ಮನೆಯ ಯಜಮಾನರಿಗೆ ಹಾಳೆಯ ಮೇಲೆ ಬಿಡಿಸಿ ತೋರಿಸಿದೆ.

ಎರಡನೆಯ ದೋಷ ಹಿಂಗೋಡೆಯದು, ಮತ್ತು ಇದು ಹೆಚ್ಚು ಗಂಭೀರವಾದದ್ದು. ಈಗಿನ ದುರಸ್ತಿಗೂ ಎಷ್ಟೋ ಮುಂಚೆ ಯಾರೋ ಮೇಸ್ತ್ರಿ ಕಲ್ಲಿನ ಸಂದುಗಳಿಗೆಲ್ಲ ಹೊರಗಿನಿಂದ ಸಿಮೆಂಟ್ ತುಂಬಿ, ಸೊಂಟದೆತ್ತರಕ್ಕೆ ಗಿಲಾವು ಮಾಡಿದ್ದಾನೆ. ಮಣ್ಣಿನಲ್ಲಿ ಕಟ್ಟಿದ ಗೋಡೆ ನೆಲದ ತೇವವನ್ನು ಸ್ವಲ್ಪ ಮಟ್ಟಿಗೆ ಮೇಲಕ್ಕೆ ಹೀರಿಯೇ ಹೀರುತ್ತದೆ. ಸಂದುಗಳು ಮಣ್ಣು ಅಥವಾ ಸುಣ್ಣದವಾಗಿದ್ದರೆ ಆ ತೇವ ಅಲ್ಲಿಂದಲೇ ಆರಿ ಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಹೊರಗೆ ಆರಲಾಗದ ತೇವ ಒಳಮುಖಕ್ಕೆ ಬಂದು, ತಾನು ಕರಗಿಸಿ ತಂದ ಲವಣವನ್ನು ಅಲ್ಲಿ ಬಿಟ್ಟು ಆವಿಯಾಗುತ್ತದೆ, ಆ ಲವಣ ಹರಳುಗಟ್ಟಿ ಹಿಗ್ಗಿದಾಗ ಸುಣ್ಣದ ಸಾರಣೆ ಹಕ್ಕಳೆಯಾಗಿ ಉದುರುತ್ತದೆ. ದೇವರ ಮನೆಯ ಹಿಂಗೋಡೆಯಲ್ಲಿ ಅಂಗೈ ಇಟ್ಟರೆ ಬಿಳಿಪುಡಿ ಅಂಟಿಕೊಳ್ಳುವುದು ಇದರಿಂದಲೇ. ಪ್ರತಿ ವರ್ಷ ಮೇಲೆ ಬಣ್ಣ ಬಳಿಯುವುದರಿಂದ ಇದು ನಿಲ್ಲುವುದಿಲ್ಲ. ಸಿಮೆಂಟನ್ನು ಚಾಣದಿಂದ ಎಚ್ಚರಿಕೆಯಾಗಿ ಬಿಡಿಸಿ, ನೀರಿನಲ್ಲಿ ಅರಳಿಸಿ ವಾರಗಟ್ಟಲೆ ಕೊಳೆಹಾಕಿದ ಸುಣ್ಣದ ಗಾರೆಯಿಂದ ಸಂದುಗಳನ್ನು ಮರಳಿ ತುಂಬಬೇಕು. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಅವಸರದ ಕೆಲಸಗಾರರಿಗೆ ಇದು ಹಿಡಿಸುವುದಿಲ್ಲ. ಮುಂಗೋಡೆಯಲ್ಲಿ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿಸಿದ್ದಾರೆ. ಗಾರೆಗೆ ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಸೇರಿಸಿದ್ದಾಗಿ ತಿಳಿಸಿದರು. ಹಿಂಗೋಡೆಗೆ ಹಣ ಸಾಲಲಿಲ್ಲವಂತೆ.

ಹಣದ ಜೊತೆಗೆ ಅನುಮತಿಯ ವಿಷಯವೂ ಇದೆ. ಈ ಮನೆ ಊರಂಚಿನ ಸಂರಕ್ಷಿತ ಸ್ಮಾರಕವೊಂದರ ನಿಯಂತ್ರಿತ ಪ್ರದೇಶದೊಳಗೆ ಬರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗಿನ 200 ಮೀಟರ್‌ಗಳಲ್ಲಿ ಕಟ್ಟುವುದಕ್ಕೂ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಇದೇ ಕಾರಣಕ್ಕೆ ಈ ಬೀದಿಯಲ್ಲಿ ಮೂರು ಅಂತಸ್ತಿನ ಕಟ್ಟಡಗಳು ಎದ್ದಿಲ್ಲ, ಕಟ್ಟೆಯ ಮೇಲೆ ಕುಳಿತರೆ ಗುಡ್ಡ ಪೂರ್ತಿ ಕಾಣುತ್ತದೆ. ಆದರೆ ಕಾನೂನು ಕಾಯುವುದು ಸ್ಮಾರಕವನ್ನು. ಅದರ ನೆರಳಿನಲ್ಲಿರುವ ಒಕ್ಕಲು ಮನೆಯ ಮಾಳಿಗೆಗೆ ಮಣ್ಣು ಹಾಕಿಸುವ ಹೊಣೆ ಮನೆಯವರದೇ. ಯಜಮಾನರು ಈ ವಿಷಯವನ್ನು ಯಾರನ್ನೂ ದೂರದೆ ಹೇಳಿದರು: "ಅರ್ಜಿ ಹಾಕ್ಬೇಕು, ನಕ್ಷೆ ಕೊಡ್ಬೇಕು, ಕಾಯ್ಬೇಕು ಸಾರ್. ಕಾದಿದ್ದಕ್ಕೇ ಈ ಮನೆ ಉಳಿದಿದ್ದು, ಇಲ್ದಿದ್ರೆ ನಮ್ಮ ತಮ್ಮ ಆವತ್ತೇ ಆರ್‌ಸಿಸಿ ಹಾಕ್ಸಿಬಿಡ್ತಿದ್ದ." ಅಂಗಳದಲ್ಲಿ ಹೊಸ ಕೋಣೆಗಳನ್ನು ಕಟ್ಟಿ ವ್ಯಾಪಾರ ಹೆಚ್ಚಿಸುವ ದಾರಿ ಅವರಿಗೆ ಸುಲಭವಾಗಿ ತೆರೆದಿಲ್ಲ. ಅತಿಥಿಗಳು ಬಾಡಿಗೆಯ ದರವನ್ನು ಚೌಕಾಸಿ ಮಾಡುವಾಗ ಇದನ್ನು ನೆನಪಿನಲ್ಲಿಡಬೇಕೆಂದು ನನ್ನ ವಿನಂತಿ.

ಪಡಸಾಲೆಯ ಮೂಲೆಯಲ್ಲಿ ಒಂದು ಚಪ್ಪಡಿಯ ಕೆಳಗೆ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಇದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗುಡಾಣದಂತೆ ಅಗಲ. ತಳಕ್ಕೂ ಬದಿಗೂ ಹುಲ್ಲು ಹೊದಿಸಿ ರಾಗಿಯನ್ನು ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ, ಒಳಗಿನ ಗಾಳಿ ಕೆಟ್ಟು ಹುಳುಗಳು ಬದುಕಲಾರದೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರದ ನಾಡಿನಲ್ಲಿ ಮಳೆ ತಪ್ಪಿದ ವರ್ಷವನ್ನು ದಾಟಿಸುತ್ತಿದ್ದುದು ಈ ಗುಂಡಿಯೇ. ಹುಳುವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆಯಾದ್ದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರುವುದಿಲ್ಲವೆಂದು ಖಚಿತವಾದ ಮೇಲೆಯೇ ಒಳಗೆ ಇಳಿಯುವುದು ಪದ್ಧತಿ. ಇಷ್ಟೆಲ್ಲ ವಿಷಯವನ್ನು ನಮಗೆ ತಿಳಿಸಿದ್ದು ನನ್ನ ತಾಯಿಯೇ ಹೊರತು ಮನೆಯಲ್ಲಿನ ಯಾವುದೇ ಬರಹವಲ್ಲ. ಹಗೇವಿನ ಚಪ್ಪಡಿಯ ಮೇಲೆ ಒಂದು ಹೂಕುಂಡ ಇಟ್ಟಿದ್ದರು. ಬೆಂಗಳೂರಿನಿಂದ ಬಂದಿದ್ದ ಇನ್ನೊಂದು ಕುಟುಂಬದ ಮಕ್ಕಳು ಎರಡು ದಿನ ಅದನ್ನು ದಾಟಿ ಓಡಾಡಿದರೂ ತಮ್ಮ ಕಾಲ ಕೆಳಗೆ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ; ಅಮ್ಮ ಹೇಳಿದ ಮೇಲೆ ಅಲ್ಲಿಂದ ಏಳಲೇ ಇಲ್ಲ. ಇಷ್ಟು ಅರ್ಥಪೂರ್ಣವಾದ ಮನೆಯನ್ನು ವಿವರಿಸುವ ಒಂದು ಸಣ್ಣ ಕೈಪಿಡಿಯಾದರೂ ಇರಬೇಕಾದದ್ದು ಅತ್ಯಗತ್ಯ.

ಉಳಿದ ಸೌಕರ್ಯಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೋಣೆಗಳು ಚೊಕ್ಕಟವಾಗಿವೆ, ಹತ್ತಿಯ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ತೆಗೆದಿರುತ್ತಾರೆ. ಶೌಚಾಲಯ ಮತ್ತು ಸ್ನಾನದ ಮನೆಗಳನ್ನು ಹಿತ್ತಲಿನಲ್ಲಿ ಪ್ರತ್ಯೇಕವಾಗಿ, ಹಳೆಯ ಬಚ್ಚಲಿನ ತಳಪಾಯದ ಮೇಲೆಯೇ ಕಟ್ಟಿಸಿದ್ದಾರೆ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳ ಪಕ್ಕಕ್ಕೆ ನೀರಿನ ಕೊಳವೆಗಳನ್ನು ತಾರದಿರುವುದು ಕಟ್ಟಡದ ಹಿತದೃಷ್ಟಿಯಿಂದ ಸರಿಯಾದ ತೀರ್ಮಾನ. ರಾತ್ರಿ ನಲವತ್ತು ಹೆಜ್ಜೆ ನಡೆಯಲು ಕಷ್ಟವಾಗುವ ಹಿರಿಯರಿದ್ದರೆ ಹಿತ್ತಲಿಗೆ ಹತ್ತಿರದ ಕೋಣೆಯನ್ನೇ ಕೇಳಿ ಪಡೆಯಬೇಕು. ಮೊಬೈಲ್ ಸಂಪರ್ಕ ಗೋಡೆಗಳ ಒಳಗೆ ಸಿಗುವುದಿಲ್ಲ, ಕಟ್ಟೆಯ ಮೇಲೆ ಸಿಗುತ್ತದೆ. ಊಟ ಮನೆಯವರು ಉಣ್ಣುವ ಊಟವೇ: ಒಂದು ಹೊತ್ತು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು, ಇನ್ನೊಂದು ಹೊತ್ತು ಮುದ್ದೆ, ಹುರುಳಿಕಾಳಿನ ಬಸ್ಸಾರು, ನವಣೆ ಅನ್ನ. ಮನೆಯೊಡತಿ ಬಡಿಸುತ್ತಾ, "ಇನ್ನರ್ಧ ಮುದ್ದೆ ಹಾಕ್ಕಳಿ ಅಮ್ಮಾ, ಹಗೇವಿನ ರಾಗಿ ಅಲ್ದಿದ್ರೂ ನಮ್ಮ ಹೊಲದ್ದೇ" ಎಂದಾಗ ನನ್ನ ತಾಯಿ ಬೇಡವೆನ್ನಲಿಲ್ಲ. ಎರಡು ಹೊತ್ತಿನ ಊಟ ಸೇರಿ ಕೋಣೆಯೊಂದಕ್ಕೆ ದಿನಕ್ಕೆ 2,400 ರೂಪಾಯಿ ಪಡೆದರು. ಈ ಬೆಲೆಗೆ ನಾನು ಯಾವ ತಕರಾರನ್ನೂ ಎತ್ತಲಾರೆ.

ಹವಾನಿಯಂತ್ರಕದ ಕೋಣೆಯನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಉತ್ತರದ ಕೋಣೆಯನ್ನು, ಅದರಲ್ಲಿ ಗೋಡೆಯಿಂದ ಚಾಚಿದ ಕಲ್ಲುಗಳಿಗೆ ನಿಮ್ಮ ಅಂಗಿ ನೇತುಹಾಕಿಕೊಳ್ಳಬಹುದಾದ್ದರಿಂದಲೂ, ಎರಡು ಗವಾಕ್ಷಿಗಳ ಗಾಳಿ ಅದಕ್ಕೆ ತಲುಪುವುದರಿಂದಲೂ, ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಹೋಗುವವರು ಮಾಳಿಗೆಯ ಮೇಲೆ ಮಲಗಲು ಸಿದ್ಧರಾಗಿ ಹೋಗಬೇಕು. ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಗೋಡೆಯಿಂದ ಹೊರಚಾಚಿದ ಬಿಡಿ ಕಲ್ಲುಗಳಾಗಿದ್ದು ಪಕ್ಕಕ್ಕೆ ಆಸರೆಯಿಲ್ಲ. ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ನನ್ನ ತಾಯಿ, ನಾನು ಕೆಳಗೆ ನಿಂತು ಕೈ ಚಾಚಿದ್ದರೂ ಹಿಡಿಯದೆ, ಎಡಗೈಯನ್ನು ಗೋಡೆಗೆ ಊರಿ ಒಂದೊಂದೇ ಕಲ್ಲನ್ನು ಎಣಿಸುತ್ತಾ ಹತ್ತಿದರು.

ಹೊರಡುವ ಬೆಳಗ್ಗೆ ಯಜಮಾನರು ಗಾಜಿನ ಗವಾಕ್ಷಿಯ ನನ್ನ ಚಿತ್ರವನ್ನು ಮಡಚಿ ದೇವರ ಮನೆಯ ಗೂಡಿನಲ್ಲಿ ಇಟ್ಟರು. ಮೇ ತಿಂಗಳ ಕೊನೆಯ ವಾರ, ಮುಂಗಾರು ಹಿಡಿಯುವ ಮುನ್ನ, ಹಳೆಯ ಪದರ ಕೆರೆದು ಮಾಳಿಗೆಗೆ ಚೌಳು ಮಣ್ಣು ಹಾಕುವ ಕೆಲಸವಿದೆಯೆಂದೂ ಆಸಕ್ತಿಯಿದ್ದ ಅತಿಥಿಗಳು ಬಂದು ಕೈಜೋಡಿಸಬಹುದೆಂದೂ ತಿಳಿಸಿದರು. ಆ ಮೂರು ದಿನಗಳಿಗೆ ಉತ್ತರದ ಕೋಣೆಯನ್ನು ಮುಂಗಡ ಕೊಟ್ಟು ಕಾಯ್ದಿರಿಸಿ ಬಂದಿದ್ದೇನೆ. ಹಾಕುವ ಮುನ್ನ ಮಣ್ಣಿನ ದಪ್ಪವನ್ನು ನಾನೇ ಅಳೆಯುತ್ತೇನೆಂದು ಹೇಳಿದ್ದೇನೆ.